ಎಂಜಿನಿಯರಿಂಗ್ ಕಂಪನಿಗಳಲ್ಲಿ ಎಚ್‌ಆರ್ ನೀತಿಯಿಂದ ಲಾಭ-ನಷ್ಟ ನಿಜಕ್ಕೂ ಬದಲಾಗುತ್ತದೆಯೇ? ಲೆಕ್ಕ ಹಾಕುವುದು ಹೇಗೆ?

ಸ್ಪಿಂಡಲ್_ಸದ್ದು

ಎಲ್ಲರಿಗೂ ನಮಸ್ಕಾರ. ಶಾಪ್ ಫ್ಲೋರ್‌ನವರು, ಕ್ವಾಲಿಟಿಯವರು, ಎಚ್‌ಆರ್‌ನವರು ಮೂವರೂ ಇಲ್ಲಿದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

180 ಜನರಿರುವ ಒಂದು ಕಂಪನಿ ಅಂತ ಇಟ್ಟುಕೊಳ್ಳಿ. ಸಿಎನ್‌ಸಿ ಮಷಿನಿಂಗ್, ವೆಲ್ಡಿಂಗ್ ಶಾಪ್, 20 ಜನರ ಡಿಸೈನ್ ವಿಭಾಗ. ಮಾಲೀಕರ ಪ್ರಶ್ನೆ ಒಂದೇ: "ನೇಮಕಾತಿ, ತರಬೇತಿ, ಇನ್ಸೆಂಟಿವ್ ಅಂತ ಇಷ್ಟು ಸುರಿಯುತ್ತೇವಲ್ಲ, ಬಂದದ್ದೇನು?" ಎಚ್‌ಆರ್ ವರದಿಯಲ್ಲಿ ತರಬೇತಿ ಗಂಟೆ ಇದೆ, ಸೇರಿದವರು ಬಿಟ್ಟವರ ಸಂಖ್ಯೆ ಇದೆ, ಸಮೀಕ್ಷೆಯ ಅಂಕ ಇದೆ. ರಿಜೆಕ್ಷನ್ ಎಷ್ಟು, ಡೆಲಿವರಿ ಎಷ್ಟು ತಡ, ಮಷಿನ್ ಎಷ್ಟು ಹೊತ್ತು ನಿಂತಿತ್ತು ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಕಾಣುವುದಿಲ್ಲ.

ಎಚ್‌ಆರ್ ಪದ್ಧತಿ ಬದಲಾದರೆ ಫಲಿತಾಂಶ ಬದಲಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇದೆಯೇ? ಇದ್ದರೆ ಮೊದಲು ಕೈ ಹಾಕಬೇಕಾದದ್ದು ನೇಮಕಾತಿಗೋ, ತರಬೇತಿಗೋ, ಸಂಬಳದ ಪದ್ಧತಿಗೋ?

ವೆಲ್ಡ್‌ಗನ್

ಸಂಬಳ ಸರ್. ಚೆನ್ನಾಗಿ ಕೊಡಿ, ಹೊತ್ತಿಗೆ ಸರಿಯಾಗಿ ಕೊಡಿ. ಉಳಿದದ್ದೆಲ್ಲ ಊಟಕ್ಕಿಲ್ಲದ ಉಪ್ಪಿನಕಾಯಿ.

ಲೆಕ್ಕಾಚಾರಿ

ವೆಲ್ಡ್‌ಗನ್ ಅವರ ಮಾತಿಗೆ ಇತಿಹಾಸದ ಬೆಂಬಲ ಇದೆ, ಆದರೆ ಅರ್ಧಕ್ಕೆ ಮಾತ್ರ. 1913ರಲ್ಲಿ ಫೋರ್ಡ್ ಕಂಪನಿಯಲ್ಲಿ ಕೆಲಸ ಬಿಡುವವರ ಪ್ರಮಾಣ ವರ್ಷಕ್ಕೆ ಶೇ. 370. ಒಂದು ಜಾಗಕ್ಕೆ ವರ್ಷದಲ್ಲಿ ಮೂರು ನಾಲ್ಕು ಜನ ಬಂದು ಹೋಗುತ್ತಿದ್ದರು ಅಂದ ಹಾಗಾಯಿತು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಘೋಷಿಸಿದರು. 1915ರ ಹೊತ್ತಿಗೆ ಅದು ಶೇ. 16ಕ್ಕೆ ಇಳಿಯಿತು. ಆದರೆ ಕೂಲಿ ಏರಿಸಿದ್ದಷ್ಟೇ ಅಲ್ಲ, ಪಾಳಿಯನ್ನು 9 ಗಂಟೆಯಿಂದ 8ಕ್ಕೆ ಇಳಿಸಿದರು, ಸೇರಿದ ಕೂಡಲೇ 5 ಡಾಲರ್ ಸಿಗದಂತೆ ಷರತ್ತನ್ನೂ ಇಟ್ಟರು. ಸಂಬಳ ಒಂದೇ ಕೆಲಸ ಮಾಡಿತು ಅನ್ನಲಾಗದು.

ಆಧಾರದ ವಿಚಾರಕ್ಕೆ ಬಂದರೆ, ಎಲ್ಲರೂ ಎತ್ತಿ ಹೇಳುವುದು ಮಾರ್ಕ್ ಹ್ಯೂಸ್ಲಿಡ್ 1995ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಅಮೆರಿಕದ ಸಾವಿರದಷ್ಟು ಕಂಪನಿಗಳ ಲೆಕ್ಕ. ಆಯ್ಕೆ, ತರಬೇತಿ, ಕೆಲಸಕ್ಕೆ ತಕ್ಕ ಪ್ರತಿಫಲ, ಮಾಹಿತಿ ಹಂಚಿಕೆ ಇವೆಲ್ಲ ಹೆಚ್ಚಿದ್ದಲ್ಲಿ ಕೆಲಸ ಬಿಡುವವರು ಕಡಿಮೆ, ತಲಾ ಮಾರಾಟ ಹೆಚ್ಚು ಎಂದು ಅದರಲ್ಲಿ ಕಂಡುಬಂತು.

ಕೆಂಪು_ಗೇಜ್

ಅದು ಒಂದು ಹೊತ್ತಿನ ಫೋಟೋ ಸ್ವಾಮಿ. ಲಾಭದಲ್ಲಿರುವ ಕಂಪನಿಗೆ ತರಬೇತಿಗೆ ಹಣ ಇರುತ್ತದೆ, ಅದು ತರಬೇತಿ ಕೊಡುತ್ತದೆ. ತರಬೇತಿಯಿಂದ ಲಾಭ ಬಂತೋ, ಲಾಭದಿಂದ ತರಬೇತಿ ಬಂತೋ? 2003ರಲ್ಲಿ ಡೇವಿಡ್ ಗೆಸ್ಟ್ ಮತ್ತು ಜೊತೆಗಾರರು ಬ್ರಿಟನ್ನಿನ 366 ಕಂಪನಿಗಳನ್ನು ನೋಡಿದರು. ಹಿಂದಿನ ವರ್ಷಗಳ ಸಾಧನೆಯನ್ನು ಲೆಕ್ಕಕ್ಕೆ ಹಿಡಿದ ಮೇಲೆ ಆ ಸಂಬಂಧ ಬಹುಮಟ್ಟಿಗೆ ಕರಗಿಹೋಯಿತು. ಮಾಲೀಕರ ಮುಂದೆ ಹ್ಯೂಸ್ಲಿಡ್ ಅಂಕಿ ಇಟ್ಟರೆ, ಲೆಕ್ಕ ಬಲ್ಲ ಯಾರೇ ಆದರೂ ಮೊದಲ ಐದು ನಿಮಿಷದಲ್ಲಿ ಇದನ್ನೇ ಕೇಳುತ್ತಾರೆ.

ಲೆಕ್ಕಾಚಾರಿ

ಒಪ್ಪಿದೆ. ಅದಕ್ಕೇ ಇಡೀ ಕಂಪನಿಯ ಲಾಭ ನೋಡುವುದು ಬಿಟ್ಟು ಒಂದೇ ಬಗೆಯ ಮಷಿನ್ ಲೈನ್‌ಗಳನ್ನು ಹೋಲಿಸಬೇಕು. ಇಚ್ನಿಯೋಸ್ಕಿ, ಶಾ, ಪ್ರೆನುಶಿ ಮೂವರು 1997ರಲ್ಲಿ ಪ್ರಕಟಿಸಿದ್ದು ಅಂಥದ್ದು: ಉಕ್ಕಿನ 36 ಫಿನಿಶಿಂಗ್ ಲೈನ್‌ಗಳು, ಮುಖ್ಯ ಅಳತೆ, ಲೈನ್ ಎಷ್ಟು ಹೊತ್ತು ಓಡಿತು. ಒಂದೊಂದೇ ಪದ್ಧತಿ ತಂದ ಕಡೆ ಹೇಳಿಕೊಳ್ಳುವಂಥ ಫಲ ಇಲ್ಲ. ಇನ್ಸೆಂಟಿವ್, ತಂಡದ ಕೆಲಸ, ಎಚ್ಚರಿಕೆಯ ಆಯ್ಕೆ, ತರಬೇತಿ, ಕೆಲಸದ ಭದ್ರತೆ ಎಲ್ಲ ಒಟ್ಟಿಗೆ ಇದ್ದ ಲೈನ್‌ಗಳು ಹೆಚ್ಚು ಹೊತ್ತು ಓಡಿದವು, ಗುಣಮಟ್ಟವೂ ಹೆಚ್ಚು. ನೇಮಕಾತಿಯೋ ತರಬೇತಿಯೋ ಸಂಬಳವೋ ಅನ್ನುವ ಸ್ಪಿಂಡಲ್ ಅವರ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಒಂದನ್ನೇ ಆರಿಸಿಕೊಳ್ಳಲು ಹೊರಟರೆ ಹಣ ಹೋಗುತ್ತದೆ, ಫಲ ಕಾಣುವುದಿಲ್ಲ.

ನಟ್ಟು_ಬೋಲ್ಟು

ಅಮೆರಿಕದ ನುಮ್ಮಿ ಕಾರು ಕಾರ್ಖಾನೆ ಬಿಟ್ಟರಲ್ಲ! ಅದರ ಮೊದಲಿನ ರೂಪ, ಫ್ರೀಮಾಂಟ್‌ನ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿ, ಮುಷ್ಕರ, ಕಳಪೆ ಗುಣಮಟ್ಟಕ್ಕೆ ಹೆಸರಾಗಿತ್ತು. 1982ರಲ್ಲಿ ಮುಚ್ಚಿದರು. 1984ರಲ್ಲಿ ಟೊಯೋಟಾ ಜೊತೆ ಸೇರಿ ಮತ್ತೆ ತೆರೆದಾಗ ಕೆಲಸಗಾರರಲ್ಲಿ ಬಹುಪಾಲು ಹಳಬರೇ, ಯೂನಿಯನ್ನೂ ಅದೇ. ಕೆಲಸದ ಹತ್ತಾರು ವರ್ಗಗಳನ್ನು ಕೆಲವೇ ವರ್ಗಗಳಿಗೆ ತಂದರು, ಸಣ್ಣ ತಂಡ ಮಾಡಿದರು, ದೋಷ ಕಂಡರೆ ಹಗ್ಗ ಎಳೆದು ಲೈನ್ ನಿಲ್ಲಿಸುವ ಅಧಿಕಾರವನ್ನು ಕೆಲಸಗಾರನಿಗೇ ಕೊಟ್ಟರು. 1988ರ ಸುಮಾರಿಗೆ ಬೇಡಿಕೆ ಕುಸಿದಾಗಲೂ ಯಾರನ್ನೂ ತೆಗೆಯಲಿಲ್ಲ, ತರಬೇತಿಗೆ ಮತ್ತು ಸುಧಾರಣೆ ಕೆಲಸಕ್ಕೆ ಹಾಕಿದರು. ಜನ ಅವರೇ, ಕಾರು ಮಾತ್ರ ಬೇರೆ ಗುಣಮಟ್ಟದ್ದು.

ಕೆಂಪು_ಗೇಜ್

ಉದಾಹರಣೆ ಒಳ್ಳೆಯದೇ. ಆದರೆ ಉತ್ಪಾದನಾ ಪದ್ಧತಿಯೂ ಅದರ ಜೊತೆಗೇ ಬದಲಾಯಿತು. ಹಗ್ಗ ಎಳೆದಾಗ ಓಡಿಬರುವ ಟೀಮ್ ಲೀಡರ್ ಇಲ್ಲದಿದ್ದರೆ ಹಗ್ಗ ಕಟ್ಟಿ ಏನೂ ಪ್ರಯೋಜನ ಇಲ್ಲ.

ಮೈಕ್ರಾನ್_ಮೇಡಂ

ಅಧ್ಯಯನ ಸಾಕು, ಅಂಕಿಗೆ ಬರೋಣ. ಮಾಲೀಕರಿಗೆ ತಟ್ಟುವುದು ಕೆಪ್ಯಾಸಿಟಿ ಲೆಕ್ಕ. 10 ಸೆಟ್ಟರ್‌ಗಳಲ್ಲಿ (ಮಷಿನ್‌ಗೆ ಟೂಲ್ ಜೋಡಿಸಿ ಕೆಲಸಕ್ಕೆ ಸಿದ್ಧಮಾಡುವವರು) ವರ್ಷಕ್ಕೆ 3 ಜನ ಬಿಡುತ್ತಾರೆ ಅಂದುಕೊಳ್ಳಿ.

ಜಾಗ ತುಂಬಲು ತಲಾ 2 ತಿಂಗಳು ಅಂದರೆ 6 ಆಳು-ತಿಂಗಳು. ಹೊಸಬರು ಮೊದಲ 6 ತಿಂಗಳು ಸರಾಸರಿ ಅರ್ಧ ಕೆಲಸ ಕೊಡುತ್ತಾರೆ, ಅಲ್ಲಿ 9. ಕಲಿಸುವ ಸೀನಿಯರ್ ಆ 6 ತಿಂಗಳಲ್ಲಿ ಕಾಲು ಭಾಗ ಹೊತ್ತು ಕಳೆದರೆ 4.5. ಒಟ್ಟು 19.5. ಇಡೀ ವರ್ಷಕ್ಕೆ ಇರುವುದೇ 120. ಶೇ. 16ರಷ್ಟು ಕೆಪ್ಯಾಸಿಟಿ ಹೋಯಿತು, ಇದರಲ್ಲಿ ಸ್ಕ್ರ್ಯಾಪ್ ಇನ್ನೂ ಸೇರಿಲ್ಲ. ಒಂದು ಹೊಸ ಮಷಿನ್ ತರಬೇಕೆಂದರೆ ಹತ್ತು ಮೀಟಿಂಗ್ ಆಗುತ್ತವೆ, ಇಷ್ಟು ಕೆಪ್ಯಾಸಿಟಿ ಸೋರಿಹೋದರೆ ಯಾರೂ ಕೇಳುವುದಿಲ್ಲ!

ಶಿಫ್ಟ್‌ಬಿ

ಮೇಡಂ, ಲೆಕ್ಕ ಸ್ವಲ್ಪ ಜಾಸ್ತಿಯಾಯಿತು. ಸೀನಿಯರ್ ಪಕ್ಕದಲ್ಲಿ ನಿಲ್ಲುವುದು ಮೊದಲ 2 ತಿಂಗಳು, ಆಮೇಲೆ ಹೊಸಬ ಕೇಳಿದಾಗ ಮಾತ್ರ. ಹಾಗಾಗಿ 4.5 ಅಲ್ಲ, 1.5. ಖಾಲಿ ಜಾಗದ 6 ತಿಂಗಳನ್ನು ಓವರ್‌ಟೈಮ್‌ನಲ್ಲಿ ಎಳೆದುಕೊಂಡು ಹೋಗುತ್ತಾರೆ, ಅದು ಕೆಪ್ಯಾಸಿಟಿ ನಷ್ಟ ಅಲ್ಲ, ಖರ್ಚು. ಉಳಿಯುವುದು 10.5, ಶೇ. 9ರ ಹತ್ತಿರ. ಅದೇ ಸಾಕಷ್ಟು ದೊಡ್ಡದು, ಉಬ್ಬಿಸುವ ಅಗತ್ಯ ಇಲ್ಲ. ಉಬ್ಬಿಸಿದ ಲೆಕ್ಕವನ್ನು ಅಕೌಂಟ್ಸ್‌ನವರು ಹಿಡಿದರೆ ಮುಂದಿನ ಯಾವ ಲೆಕ್ಕವನ್ನೂ ನಂಬುವುದಿಲ್ಲ.

ಮೈಕ್ರಾನ್_ಮೇಡಂ

1.5 ಸರಿ. ಓವರ್‌ಟೈಮ್ ಒಪ್ಪುವುದಿಲ್ಲ. ಓವರ್‌ಟೈಮ್‌ನ ಗಂಟೆ ಮಾಮೂಲಿ ಗಂಟೆಯಷ್ಟು ಕೆಲಸ ಕೊಡುವುದಿಲ್ಲ. ಮೊದಲ ಮಹಾಯುದ್ಧ ಕಾಲದ ಬ್ರಿಟಿಷ್ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಜಾನ್ ಪೆನ್ಕವೆಲ್ ಮತ್ತೆ ತೆಗೆದು ನೋಡಿ 2014ರಲ್ಲಿ ಬರೆದಿದ್ದಾರೆ. ವಾರಕ್ಕೆ ಸುಮಾರು 49 ಗಂಟೆಯವರೆಗೆ ಕೆಲಸ ಗಂಟೆಗೆ ತಕ್ಕಂತೆ ಏರುತ್ತದೆ, ಆಮೇಲೆ ಏರಿಕೆ ಕುಗ್ಗುತ್ತಾ ಹೋಗುತ್ತದೆ. 70 ಗಂಟೆ ದುಡಿದವರ ಉತ್ಪಾದನೆ 56 ಗಂಟೆ ದುಡಿದವರಿಗಿಂತ ಹೆಚ್ಚೇನೂ ಇರಲಿಲ್ಲ. ಸಂಬಳ 70 ಗಂಟೆಗೆ, ಸರಕು 56 ಗಂಟೆಯದು.

ವೆಲ್ಡ್‌ಗನ್

ವೆಲ್ಡಿಂಗ್‌ನಲ್ಲಿ ಇನ್ನೂ ಬೇಗ ಗೊತ್ತಾಗುತ್ತದೆ. ಪಾಳಿಯ ಕೊನೆಯ ಎರಡು ಗಂಟೆಯಲ್ಲಿ ಹಾಕಿದ ಜಾಯಿಂಟ್‌ಗಳ ಎಕ್ಸ್‌ರೇ ರಿಪೇರಿಯನ್ನು ಬೇರೆ ತೆಗೆದು ನೋಡಿ. ಒಂದು ಪದರ ಹಾಕಿ ಇನ್ನೊಂದಕ್ಕೆ ಮೊದಲು ಮಾಡಬೇಕಾದ ಇಂಟರ್‌ಪಾಸ್ ಕ್ಲೀನಿಂಗ್ ಬಿಟ್ಟಿರುತ್ತಾರೆ, ಸ್ಲ್ಯಾಗ್ (ವೆಲ್ಡಿನ ಕಿಟ್ಟ) ಒಳಗೇ ಉಳಿದಿರುತ್ತದೆ. ಮಾಡಿದ ಕೆಲಸವನ್ನು ಗೌಜಿಂಗ್ ಮಾಡಿ (ಕೊರೆದು) ತೆಗೆದು ಮತ್ತೆ ತುಂಬಬೇಕು.

ಸ್ಪಿಂಡಲ್_ಸದ್ದು

ಇದೇ ಬೇಕಿತ್ತು. ಹಾಗಾದರೆ ಇನ್ಸೆಂಟಿವ್ ಹೆಚ್ಚಿಸಿದರೆ? ಪೀಸ್ ಲೆಕ್ಕದಲ್ಲಿ ಕೊಡೋಣ ಅಂತ ಪ್ರೊಡಕ್ಷನ್‌ನವರ ಒತ್ತಾಯ.

ಕೆಂಪು_ಗೇಜ್

ಬರೀ ಪೀಸ್ ಲೆಕ್ಕ ಬೇಡ. ಒಇಇ, ಅಂದರೆ ಮಷಿನ್‌ನಿಂದ ಒಟ್ಟು ಎಷ್ಟು ಫಲ ಸಿಗುತ್ತಿದೆ ಅನ್ನುವ ಲೆಕ್ಕ, ಹಾಕಿ ನೋಡಿ. ಮೊದಲು: ಮಷಿನ್ ಲಭ್ಯತೆ ಶೇ. 88, ವೇಗ ಶೇ. 85, ಸರಿಯಾದ ಪೀಸ್ ಶೇ. 98. ಮೂರನ್ನೂ ಗುಣಿಸಿದರೆ ಶೇ. 73.3.

ಪೀಸ್ ರೇಟ್ ಬಂತು ಅನ್ನಿ. ವೇಗ ಶೇ. 95ಕ್ಕೆ ಏರುತ್ತದೆ, ಎಲ್ಲರಿಗೂ ಖುಷಿ. ಆದರೆ ಆಪರೇಟರ್ ಸವೆದ ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಬದಲಿಸಲು ನಿಲ್ಲಿಸುವುದಿಲ್ಲ, 20 ಪೀಸಿಗೊಮ್ಮೆ ಅಳೆಯುವ ಕಡೆ 50ಕ್ಕೊಮ್ಮೆ ಅಳೆಯುತ್ತಾನೆ. ಸರಿಯಾದ ಪೀಸ್ ಶೇ. 92. ಗ್ರೀಸಿಂಗ್, ಚಿಪ್ ತೆಗೆಯುವುದು, ಕೂಲಂಟ್ ನೋಡುವುದು "ನನ್ನ ಕೆಲಸ ಅಲ್ಲ" ಆಗುತ್ತದೆ, ಮಷಿನ್ ಕೆಟ್ಟು ನಿಲ್ಲುತ್ತದೆ, ಲಭ್ಯತೆ ಶೇ. 82. ಈಗ ಗುಣಿಸಿ: ಶೇ. 71.7. ಇನ್ಸೆಂಟಿವ್ ಕೊಟ್ಟು ಉತ್ಪಾದನೆ ಇಳಿಸಿಕೊಂಡಂತಾಯಿತು.

ಇನ್ನೊಂದು ತೊಂದರೆ, ಪೀಸ್ ರೇಟ್ ಇದ್ದಲ್ಲಿ ಸೀನಿಯರ್‌ಗಳು ಹೊಸಬರಿಗೆ ಕಲಿಸುವುದಿಲ್ಲ. ಕಲಿಸಿದ ಗಂಟೆಗೆ ಅವರಿಗೆ ನಷ್ಟ. ತರಬೇತಿ ವಿಭಾಗ ಎಷ್ಟೇ ಪೋಸ್ಟರ್ ಹಚ್ಚಲಿ, ಸಂಬಳದ ಚೀಟಿ ಹೇಳುವುದನ್ನೇ ಜನ ಕೇಳುವುದು.

ನಟ್ಟು_ಬೋಲ್ಟು

ಲಿಂಕನ್ ಎಲೆಕ್ಟ್ರಿಕ್ ಕಂಪನಿಯನ್ನು ಏನು ಹೇಳುತ್ತೀರಿ ಹಾಗಾದರೆ? ವೆಲ್ಡಿಂಗ್ ಉಪಕರಣ ಮಾಡುವವರು, ದಶಕಗಳಿಂದ ಪೀಸ್ ರೇಟ್, ಚೆನ್ನಾಗಿಯೇ ನಡೆಯಿತು.

ಲೆಕ್ಕಾಚಾರಿ

ನಡೆದದ್ದು ಬರೀ ಪೀಸ್ ರೇಟಿನಿಂದ ಅಲ್ಲ. ಸರಿಯಾದ ಪೀಸಿಗೆ ಮಾತ್ರ ಹಣ, ಕೆಟ್ಟದ್ದನ್ನು ಮಾಡಿದವನೇ ತನ್ನ ಹೊತ್ತಿನಲ್ಲಿ ಸರಿಪಡಿಸಬೇಕು. ವರ್ಷದ ಬೋನಸ್‌ಗೆ ಉತ್ಪಾದನೆಯ ಜೊತೆ ಗುಣಮಟ್ಟ, ನಂಬಿಕಸ್ಥಿಕೆ, ಸಹಕಾರವನ್ನೂ ನೋಡುತ್ತಾರೆ. 1958ರಿಂದ ಹಳಬರಿಗೆ ಕೆಲಸದ ಖಾತರಿಯೂ ಇದೆ. ಬೇಗ ಮಾಡಿ ಮುಗಿಸಿದರೆ ನಾಳೆ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ಇಲ್ಲದಿದ್ದಾಗ ಮಾತ್ರ ಪೀಸ್ ರೇಟಿಗೆ ಜನ ಮನಸ್ಸಿಟ್ಟು ದುಡಿಯುತ್ತಾರೆ. ಉಕ್ಕಿನ ಲೈನ್‌ಗಳ ಅಧ್ಯಯನ ಹೇಳಿದ್ದೂ ಇದನ್ನೇ. ಇನ್ಸೆಂಟಿವ್ ಒಂದನ್ನೇ ಕಿತ್ತುಕೊಂಡು ಬಂದು ನಿಮ್ಮಲ್ಲಿ ನೆಟ್ಟರೆ ಬೇರು ಹಿಡಿಯುವುದಿಲ್ಲ.

ವೆಲ್ಡ್‌ಗನ್

ಪೀಸ್ ರೇಟ್ ಇಟ್ಟ ಮೇಲೆ, ಜನ ಹೆಚ್ಚು ದುಡಿದರು ಅಂತ ರೇಟ್ ಇಳಿಸಬಾರದು. ಒಮ್ಮೆ ಇಳಿಸಿದರೆ ಆಮೇಲೆ ಯಾರೂ ನಿಜವಾದ ವೇಗ ತೋರಿಸುವುದಿಲ್ಲ. ಜಿಗ್ಗೋ ಮಷಿನ್ನೋ ಬದಲಾದರೆ ಮಾತ್ರ ಹೊಸ ರೇಟ್.

ಡ್ರಾಫ್ಟಿಂಗ್_ಟೇಬಲ್

ಬರೀ ಶಾಪ್ ಫ್ಲೋರ್ ಮಾತೇ ಆಯಿತು. 20 ಜನರ ಡಿಸೈನ್ ವಿಭಾಗದಲ್ಲಿ ಆಗುವ ಹಾನಿ ಕಣ್ಣಿಗೆ ಕಾಣುವುದಿಲ್ಲ, ಆದರೆ ದೊಡ್ಡದು.

ಒಂದು, ಅಪ್ರೈಸಲ್‌ನಲ್ಲಿ "ಎಷ್ಟು ಡ್ರಾಯಿಂಗ್ ಬಿಡುಗಡೆ ಮಾಡಿದಿರಿ" ಅಂತ ಎಣಿಸುತ್ತಾರೆ. ಡ್ರಾಯಿಂಗ್ ತಪಾಸಣೆ ಮಾಡುವ ಚೆಕರ್‌ಗೆ ಎಣಿಸಲು ಏನೂ ಇಲ್ಲ. ಅವನು ಹಿಡಿದ ತಪ್ಪು ಯಾವ ವರದಿಯಲ್ಲೂ ಬರುವುದಿಲ್ಲ, ಏಕೆಂದರೆ ಆ ತಪ್ಪು ಆಗಲೇ ಇಲ್ಲ. ಎರಡು ವರ್ಷ ಇನ್ಕ್ರಿಮೆಂಟ್ ಕಡಿಮೆ ಬಂದರೆ ಚೆಕರ್ ಕೆಲಸ ಯಾರಿಗೂ ಬೇಡ. ಆಮೇಲೆ ಡ್ರಾಯಿಂಗ್‌ಗಳು ಹೇಗೆ ಹೊರಬರುತ್ತವೆ ನೋಡಿ: ಟಾಲರೆನ್ಸ್ (ಅಳತೆಯಲ್ಲಿ ಬಿಟ್ಟ ಹೆಚ್ಚುಕಡಿಮೆ) ಎಲ್ಲ ಕೂಡಿದರೆ ಅಸೆಂಬ್ಲಿ ಕೂರುವುದಿಲ್ಲ, ಬೋಲ್ಟ್ ಹಾಕಲು ಸ್ಪ್ಯಾನರ್‌ಗೆ ಜಾಗ ಇಲ್ಲ, ವೆಲ್ಡ್ ಸಿಂಬಲ್ ತಪ್ಪು ಬದಿಗೆ. ಇದೆಲ್ಲ ಗೊತ್ತಾಗುವುದು ಕಬ್ಬಿಣ ಕತ್ತರಿಸಿದ ಮೇಲೆ. ಬಿಡುಗಡೆಯಾದ ಮೇಲೆ ಪ್ರತಿ 100 ಡ್ರಾಯಿಂಗ್‌ಗೆ ಎಷ್ಟು ರಿವಿಷನ್ ಬಂತು, ಅದರಲ್ಲಿ ಗ್ರಾಹಕರು ಕೇಳಿದ್ದೆಷ್ಟು, ನಮ್ಮ ತಪ್ಪಿನದೆಷ್ಟು, ಇದನ್ನು ಬೇರೆ ಬೇರೆ ಇಡಿ. ಚೆಕರ್‌ನ ಬೆಲೆ ಅಲ್ಲಿ ಕಾಣುತ್ತದೆ.

ಎರಡು, ಏಣಿ ಒಂದೇ ಇರುವುದು. ಸಂಬಳ ಏರಬೇಕಾದರೆ ಮ್ಯಾನೇಜರ್ ಆಗಲೇಬೇಕು. ಒಳ್ಳೆಯ ಸ್ಟ್ರೆಸ್ ಅನಲಿಸಿಸ್ ಮಾಡುವವರನ್ನು ರಜೆ ಅರ್ಜಿ ಸಹಿ ಮಾಡಲು ಕೂರಿಸುತ್ತೀರಿ. ತಾಂತ್ರಿಕ ಏಣಿ ಬೇರೆ ಮಾಡಿ, ಪ್ರಿನ್ಸಿಪಲ್ ಎಂಜಿನಿಯರ್‌ಗೆ ಮ್ಯಾನೇಜರ್‌ನಷ್ಟೇ ಸಂಬಳ, ಡಿಸೈನ್ ರಿವ್ಯೂನಲ್ಲಿ ಬೇಡ ಎನ್ನುವ ಅಧಿಕಾರ. ಅಧಿಕಾರ ಇಲ್ಲದೆ ಹೆಸರು ಮಾತ್ರ ಕೊಟ್ಟರೆ ಆರು ತಿಂಗಳಲ್ಲಿ ಅದು ಬೋರ್ಡಿನ ಮೇಲಿನ ಪದವಾಗುತ್ತದೆ.

ಶಿಫ್ಟ್‌ಬಿ

ಶಾಪ್‌ನಲ್ಲೂ ಇದೇ ಕತೆ. ಅತ್ಯುತ್ತಮ ಸೆಟ್ಟರನ್ನು ಸೂಪರ್‌ವೈಸರ್ ಮಾಡುತ್ತಾರೆ. ಸೆಟ್ಟರ್ ಹೋದ, ಜನ ನಿಭಾಯಿಸಲು ಕಲಿಸಿಲ್ಲದ ಸೂಪರ್‌ವೈಸರ್ ಬಂದ. ಎರಡೂ ಕಡೆ ನಷ್ಟ.

ನಟ್ಟು_ಬೋಲ್ಟು

ಅಪ್ರೈಸಲ್ ಅಂದ ಮೇಲೆ ಬೆಲ್ ಕರ್ವ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಪ್ರತಿ ತಂಡದಲ್ಲೂ ಶೇ. 10 ಜನರನ್ನು ಕೆಳಗೆ ಹಾಕಲೇಬೇಕು ಅನ್ನುವುದು.

ಲೆಕ್ಕಾಚಾರಿ

ಸಣ್ಣ ತಂಡಕ್ಕೆ ಅದು ಗಣಿತದಲ್ಲೇ ತಪ್ಪು. ಇಡೀ ಕಂಪನಿಯಲ್ಲಿ ಶೇ. 10 ಜನ ನಿಜಕ್ಕೂ ಹಿಂದಿದ್ದಾರೆ, ಅವರು ಎಲ್ಲ ಕಡೆ ಚದುರಿದ್ದಾರೆ ಅಂದುಕೊಳ್ಳಿ. 10 ಜನರ ಒಂದು ತಂಡದಲ್ಲಿ ಅಂಥವರು ಒಬ್ಬರೂ ಇಲ್ಲದಿರುವ ಸಾಧ್ಯತೆ 0.9ರ ಹತ್ತನೇ ಘಾತ, ಅಂದರೆ ಶೇ. 35. ಮೂರು ತಂಡಕ್ಕೆ ಒಂದರಲ್ಲಿ ಚೆನ್ನಾಗಿ ಕೆಲಸ ಮಾಡುವವರೊಬ್ಬರಿಗೆ ಕಳಪೆ ಅಂತ ಮುದ್ರೆ ಬೀಳುತ್ತದೆ. ಇಬ್ಬರು ಮೂವರು ಹಿಂದಿರುವ ತಂಡದಲ್ಲಿ ಒಬ್ಬರಿಗೇ ಮುದ್ರೆ, ಉಳಿದವರು ಪಾರು. ಮೈಕ್ರೋಸಾಫ್ಟ್ 2013ರಲ್ಲಿ ಈ ಪದ್ಧತಿ ಕೈಬಿಟ್ಟಿತು. ಪಕ್ಕದವನು ಗೆದ್ದರೆ ನಾನು ಸೋಲುತ್ತೇನೆ ಅನ್ನುವ ಕಡೆ ಫಿಕ್ಸ್ಚರ್‌ನ (ಪೀಸನ್ನು ಮಷಿನ್‌ನಲ್ಲಿ ಹಿಡಿದಿಡುವ ಸಾಧನ) ಉಪಾಯವನ್ನು ಯಾರು ಹಂಚಿಕೊಳ್ಳುತ್ತಾರೆ?

ಕೆಂಪು_ಗೇಜ್

ಎಲ್ಲರನ್ನೂ "ಚೆನ್ನಾಗಿದೆ" ಅಂತ ಬರೆದು ಕಳಿಸುವ ಮ್ಯಾನೇಜರ್‌ಗಳಿಗೆ ಮದ್ದೇನು ಮತ್ತೆ? ಬೆಲ್ ಕರ್ವ್ ತೆಗೆದರೆ ಅದು ಶುರುವಾಗುತ್ತದೆ. ಕೆಲಸ ಮಾಡದವರನ್ನು ಹೊತ್ತುಕೊಂಡರೆ ಮೊದಲು ಬಿಟ್ಟುಹೋಗುವುದು ಕೆಲಸ ಮಾಡುವವರು.

ಮೈಕ್ರಾನ್_ಮೇಡಂ

ಅದಕ್ಕೆ ಉತ್ತರ ನೇಮಕಾತಿಯಲ್ಲಿದೆ, ಪ್ರೊಬೇಷನ್‌ನಲ್ಲಿದೆ. ಒಳಗೆ ತಂದ ಮೇಲೆ ಕರ್ವ್ ಎಳೆಯುವುದಲ್ಲ.

ಇಂಟರ್‌ವ್ಯೂನಲ್ಲಿ "ಐದು ವರ್ಷದ ನಂತರ ಎಲ್ಲಿರುತ್ತೀರಿ" ಅಂತ ಕೇಳಿ ಸೆಟ್ಟರ್ ಆರಿಸಲಾಗದು. ಕೈಗೆ ಕೆಲಸ ಕೊಡಿ. 25 ಎಚ್6 (ಚಿಕ್ಕಕ್ಷರದ h6, ಶಾಫ್ಟ್‌ನ ಟಾಲರೆನ್ಸ್ ಗುರುತು) ಡ್ರಾಯಿಂಗ್, ಐದು ಶಾಫ್ಟ್. ಮಿತಿ 25.000ರಿಂದ 24.987 ಮಿಲಿಮೀಟರ್. ಐದನ್ನೂ ಮೊದಲೇ ಮೆಟ್ರಾಲಜಿ ಕೋಣೆಯಲ್ಲಿ ಅಳೆದಿಡಿ, ಎರಡು ಮಿತಿಯ ಹೊರಗಿರಲಿ. ಕೊಡುವ ಮೈಕ್ರೋಮೀಟರ್‌ನ ಸೊನ್ನೆಯನ್ನು ಬೇಕೆಂದೇ 10 ಮೈಕ್ರಾನ್ ತಪ್ಪಿಸಿಡಿ. ಕೆಲಸ ಬಲ್ಲವರು ಮೊದಲು ಆನ್ವಿಲ್ ಒರೆಸುತ್ತಾರೆ, ಮುಚ್ಚಿ ಸೊನ್ನೆ ನೋಡುತ್ತಾರೆ, ರ‍್ಯಾಚೆಟ್ ಹಿಡಿದು ತಿರುಗಿಸುತ್ತಾರೆ, ಒಂದೇ ಶಾಫ್ಟನ್ನು ಎರಡು ಮೂರು ಜಾಗದಲ್ಲಿ ಅಳೆಯುತ್ತಾರೆ. ಬಾರದವರು ಥಿಂಬಲ್ ಬಿಗಿದು ಓದಿ ಹೇಳುತ್ತಾರೆ. 15 ನಿಮಿಷ ಸಾಕು.

ಆಮೇಲೆ ಎಲ್ಲರಿಗೂ ಅವೇ ಆರು ಪ್ರಶ್ನೆ, ಅವೇ ಅಂಕದ ಪಟ್ಟಿ, ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಿ ಕೊನೆಗೆ ಹೋಲಿಸಬೇಕು. "ಬೋರ್ ಟೇಪರ್ ಬರುತ್ತಿದೆ (ರಂಧ್ರ ಒಂದು ತುದಿಗೆ ಕಿರಿದಾಗುತ್ತಿದೆ), ಏನೇನು ನೋಡುತ್ತೀರಿ?" ಇಂಥ ಪ್ರಶ್ನೆ.

ಲೆಕ್ಕಾಚಾರಿ

ಇದಕ್ಕೆ ಆಧಾರವೂ ಗಟ್ಟಿ. ಪ್ರಶ್ನೆ ಮತ್ತು ಅಂಕ ಮೊದಲೇ ಗೊತ್ತುಮಾಡಿದ ಇಂಟರ್‌ವ್ಯೂ ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂಗಿಂತ ಮುಂದೆ ಕೆಲಸ ಹೇಗಿರುತ್ತದೆ ಅನ್ನುವುದನ್ನು ಚೆನ್ನಾಗಿ ಊಹಿಸುತ್ತದೆ. 1998ರ ಸ್ಮಿಟ್-ಹಂಟರ್ ಸಮೀಕ್ಷೆಯಲ್ಲೂ ಹಾಗೇ ಬಂತು, 2022ರಲ್ಲಿ ಸ್ಯಾಕೆಟ್ ಮತ್ತು ಜೊತೆಗಾರರು ಅಂಕಿಗಳನ್ನು ತಗ್ಗಿಸಿ ತಿದ್ದಿದಾಗಲೂ ಹಾಗೇ ಬಂತು. ಎಷ್ಟು ವರ್ಷದ ಅನುಭವ ಅನ್ನುವುದು ಎರಡರಲ್ಲೂ ತೀರಾ ಕೆಳಗೆ. ಜಾಹೀರಾತಿನಲ್ಲಿ ಮೊದಲ ಸಾಲೇ ಅದು!

ಸ್ಪಿಂಡಲ್_ಸದ್ದು

ತರಬೇತಿ ಬಗ್ಗೆ ಹೇಳಿ. ಹಾಲ್‌ನಲ್ಲಿ 40 ಜನರನ್ನು ಕೂರಿಸಿ ಜ್ಯಾಮಿತೀಯ ಟಾಲರೆನ್ಸ್ ಪಾಠ ಮಾಡಿದರೆ ಶಾಪ್‌ನಲ್ಲಿ ಏನೂ ಬದಲಾಗುವುದಿಲ್ಲ.

ಶಿಫ್ಟ್‌ಬಿ

ಆಗುವುದೂ ಇಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಹೊಸ ಕೆಲಸಗಾರರನ್ನು ಬೇಗ ಸಿದ್ಧಮಾಡಲು ತಂದ ನಾಲ್ಕು ಹೆಜ್ಜೆ ಇವತ್ತಿಗೂ ಸಾಕು: ಕಲಿಯುವವರನ್ನು ಸಿದ್ಧಮಾಡು, ಮಾಡಿ ತೋರಿಸು, ಅವರ ಕೈಯಲ್ಲಿ ಮಾಡಿಸು, ಆಮೇಲೆ ಹಿಂದೆ ಬಿದ್ದು ನೋಡು. ಎಲ್ಲರೂ ಜಾರುವುದು ಮೂರನೆಯದರಲ್ಲಿ. ಮಾಡುತ್ತಾ ಬಾಯಲ್ಲಿ ಹೇಳಿಸಬೇಕು: ಏನು ಮಾಡುತ್ತಿದ್ದೇನೆ, ಎಲ್ಲಿ ಎಚ್ಚರ ಬೇಕು, ಏಕೆ. ಟೂಲ್ ಆಫ್‌ಸೆಟ್ (ಟೂಲ್‌ನ ಸ್ಥಾನದ ತಿದ್ದುಪಡಿ) ಹಾಕುವಾಗ ಪ್ಲಸ್ ಮೈನಸ್ ಯಾವ ಕಡೆ, ಏಕೆ ಅನ್ನುವುದು ಬಾಯಲ್ಲಿ ಬರದಿದ್ದರೆ ಒಬ್ಬರೇ ಇರುವ ರಾತ್ರಿ ಪಾಳಿಯಲ್ಲಿ ಟೂಲ್ ಚಕ್‌ಗೆ ಹೊಡೆಯುತ್ತದೆ.

ತರಬೇತಿ ಮುಗಿದ ಎರಡು ವಾರದೊಳಗೆ ಅದೇ ಕೆಲಸ ಕೈಗೆ ಸಿಗಬೇಕು. ಸಿಗದಿದ್ದರೆ ತರಬೇತಿಯನ್ನೇ ಮುಂದೂಡಿ.

ವೆಲ್ಡ್‌ಗನ್

ಕೌಶಲಕ್ಕೆ ತಕ್ಕ ಸಂಬಳ ಇಡುವವರು ಒಂದು ವಿಷಯ ನೋಡಿಕೊಳ್ಳಿ. ಎರಡು ಮೂರು ವರ್ಷದಲ್ಲಿ ಎಲ್ಲರೂ ಮೇಲಿನ ಲೆವೆಲ್ ತಲುಪುತ್ತಾರೆ, ಬಳಸದ ಕೌಶಲಕ್ಕೂ ಹಣ ಹೋಗುತ್ತದೆ. ಐಎಸ್‌ಒ 9606-1ರಲ್ಲಿ ವೆಲ್ಡರ್ ಸರ್ಟಿಫಿಕೇಟ್‌ಗೆ ಪ್ರತಿ 6 ತಿಂಗಳಿಗೊಮ್ಮೆ "ಇವರು ಈ ಕೆಲಸ ಮಾಡುತ್ತಲೇ ಇದ್ದಾರೆ" ಅಂತ ಸಹಿ ಬೇಕು. ಸ್ಕಿಲ್ ಮ್ಯಾಟ್ರಿಕ್ಸ್‌ಗೂ (ಯಾರಿಗೆ ಯಾವ ಕೆಲಸ ಬರುತ್ತದೆ ಅನ್ನುವ ಪಟ್ಟಿ) ಅದೇ ನಿಯಮ ಹಾಕಿ.

ಮೈಕ್ರಾನ್_ಮೇಡಂ

ಸ್ಪಿಂಡಲ್ ಅವರೇ, ಸೋಮವಾರವೇ ಶುರುಮಾಡಬಹುದಾದದ್ದು: ಒಂದು ವರ್ಷದ ರಿಜೆಕ್ಷನ್ ಚೀಟಿಗಳನ್ನು ತೆಗೆದುಕೊಂಡು ಪ್ರತಿಯೊಂದರ ಎದುರು ಆಪರೇಟರ್ ಸೇರಿ ಎಷ್ಟು ತಿಂಗಳಾಗಿತ್ತು ಅಂತ ಬರೆಯಿರಿ. 3 ತಿಂಗಳೊಳಗೆ, 3ರಿಂದ 12, ಅದಕ್ಕೂ ಮೇಲೆ. ಮೂರು ಗುಂಪು. ನಿಮ್ಮ ವರದಿಯಲ್ಲಿ ಎಚ್‌ಆರ್‌ಗೂ ಸ್ಕ್ರ್ಯಾಪ್‌ಗೂ ಮೊದಲ ಸಲ ಸಂಬಂಧ ಕಾಣುತ್ತದೆ.

ಕೆಂಪು_ಗೇಜ್

ಒಂದೇ ಪಾರ್ಟ್ ನಂಬರ್ ಒಳಗೆ ಹೋಲಿಸಿ. ಸುಲಭದ ಜಾಬ್ ಹೊಸಬರಿಗೆ, ಕಷ್ಟದ್ದು ಹಳಬರಿಗೆ ಕೊಡುವುದು ರೂಢಿ. ಎಲ್ಲ ಕಲಸಿ ಕೂಡಿದರೆ ಹಳಬರೇ ಹೆಚ್ಚು ಕೆಡಿಸುತ್ತಾರೆ ಅಂತ ಬರುತ್ತದೆ. ಪಾಳಿಯನ್ನೂ ಬರೆದಿಡಿ.

ಡ್ರಾಫ್ಟಿಂಗ್_ಟೇಬಲ್

ಒಂದು ವಿನಂತಿ: ಆ ಪಟ್ಟಿಯನ್ನು ಅಪ್ರೈಸಲ್‌ಗೆ ಬಳಸಬೇಡಿ. ಬಳಸಿದ ಮರುದಿನದಿಂದ ರಿಜೆಕ್ಷನ್ ಚೀಟಿ ಬರೆಯುವುದೇ ನಿಲ್ಲುತ್ತದೆ, ಕೆಟ್ಟ ಪೀಸ್ ಸ್ಕ್ರ್ಯಾಪ್ ಡಬ್ಬಿಯ ತಳ ಸೇರುತ್ತದೆ. "ಅಪಘಾತವಿಲ್ಲದ ತಿಂಗಳಿಗೆ ಬೋನಸ್" ಇಟ್ಟಾಗ ಸಣ್ಣ ಗಾಯ ಮುಚ್ಚಿಡುವುದೂ ಹೀಗೇ.

ಸ್ಪಿಂಡಲ್_ಸದ್ದು

ಸರಿ. ಹೀಗೆ ಮಾಡೋಣ ಅಂತಿದೆ: ಒಂದೇ ಸೆಲ್ (ಒಟ್ಟಿಗೆ ಕೆಲಸ ಮಾಡುವ ಮಷಿನ್‌ಗಳ ಗುಂಪು), 12 ಜನ. ಕೈಕೆಲಸದ ಪರೀಕ್ಷೆಯಿಂದ ನೇಮಕ, ನಾಲ್ಕು ಹೆಜ್ಜೆಯ ತರಬೇತಿ, ಮೊದಲ ಸಲಕ್ಕೇ ಪಾಸಾದ ಪೀಸಿಗೆ ತಂಡದ ಇನ್ಸೆಂಟಿವ್, ಕಲಿಸುವ ಗಂಟೆಗೆ ಬೇರೆ ಭತ್ಯೆ. ಅಂಥದ್ದೇ ಇನ್ನೊಂದು ಸೆಲ್ ಇದ್ದ ಹಾಗೇ ಇರಲಿ, ಹೋಲಿಕೆಗೆ. ಎಷ್ಟು ತಿಂಗಳು ಬೇಕು? ಸ್ಕಿಲ್ ಮ್ಯಾಟ್ರಿಕ್ಸನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬಹುದೇ?

ಶಿಫ್ಟ್‌ಬಿ

ಹಳೆಯ 6 ತಿಂಗಳ ಅಂಕಿ ಮೊದಲು ತೆಗೆದಿಡಿ, ಆಮೇಲೆ 9 ತಿಂಗಳು ನಡೆಸಿ. ಮೊದಲ 3 ತಿಂಗಳು ಉತ್ಪಾದನೆ ಇಳಿಯುತ್ತದೆ ಅಂತ ಮಾಲೀಕರಿಗೆ ಈಗಲೇ ಬರೆದು ಕೊಡಿ, ಕಲಿಸುವ ಹೊತ್ತು ಎಲ್ಲಿಂದಲೋ ಬರಬೇಕಲ್ಲ. ಸೂಪರ್‌ವೈಸರನ್ನು ಆ ಅವಧಿಯಲ್ಲಿ ಬದಲಿಸಬೇಡಿ, ಬದಲಿಸಿದರೆ ಫಲ ಯಾವುದರಿಂದ ಬಂತು ಅಂತ ಹೇಳಲಾಗದು.

ವೆಲ್ಡ್‌ಗನ್

ಮ್ಯಾಟ್ರಿಕ್ಸ್ ಸೆಲ್ ಬೋರ್ಡಿನಲ್ಲೇ ಹಾಕಿ. ಗ್ರೇಡು ಸಂಬಳ ಅದರಲ್ಲಿ ಬೇಡ. ಪ್ರತಿ ಮಷಿನ್ ಎದುರು, ಅದನ್ನು ಯಾರ ನೆರವೂ ಇಲ್ಲದೆ ನಡೆಸಬಲ್ಲ ಕನಿಷ್ಠ ಮೂವರ ಹೆಸರಿರಲಿ. ಒಬ್ಬರ ಹೆಸರು ಮಾತ್ರ ಇರುವ ಸಾಲಿಗೆ ಕೆಂಪು ಗುರುತು ಹಾಕಿ, ತರಬೇತಿ ಅಲ್ಲಿಂದಲೇ ಶುರುವಾಗಲಿ.